ಹೆದ್ದಾರಿಯಿಂದ ಕಾಣದ ಊರು

"ಅಜ್ಜಿ, ನಿಮ್ಮೂರು ಎಲ್ಲಿ?"

ಕಾರಿನ ಕಿಟಕಿಗೆ ಮೂಗು ಒತ್ತಿಕೊಂಡು ಕೂತಿದ್ದ ಪುಟ್ಟಿ ಕೇಳಿದಳು. ಅವಳು ನನ್ನ ಮೊಮ್ಮಗಳು, ನಾಲ್ಕನೇ ತರಗತಿ. ಬೆಂಗಳೂರಿನಿಂದ ಮೈಸೂರಿಗೆ ಹೊರಟಿದ್ದೆವು. ನಾನು ಕನ್ನಡಕ ಸರಿಮಾಡಿಕೊಂಡು ನೋಡುವಷ್ಟರಲ್ಲಿ 'ಚನ್ನಪಟ್ಟಣ' ಎಂದು ಬರೆದಿದ್ದ ಫಲಕ ಹಿಂದೆ ಸರಿದಿತ್ತು.

"ಆಗಲೇ ಹೋಯಿತಲ್ಲೇ!" ಎಂದೆ.

"ಊರು ಹೇಗೆ ಹೋಗುತ್ತೆ ಅಜ್ಜಿ? ನಾವಲ್ವಾ ಹೋಗಿದ್ದು?"

ಕಾರು ಓಡಿಸುತ್ತಿದ್ದ ನನ್ನ ಮಗ ಜೋರಾಗಿ ನಕ್ಕ. ನನಗೆ ನಗು ಬರಲಿಲ್ಲ. ಮಗು ತಿಳಿಯದೇ ನಿಜವನ್ನೇ ಹೇಳಿತ್ತು.

ಮೊದಲು ಬೆಂಗಳೂರು–ಮೈಸೂರು ರಸ್ತೆ ಚನ್ನಪಟ್ಟಣದ ನಡುವೆಯೇ ಹಾದು ಹೋಗುತ್ತಿತ್ತು. ರಸ್ತೆಯ ಎರಡೂ ಬದಿಗೆ ಬೊಂಬೆ ಅಂಗಡಿಗಳು. ಬಾಗಿಲಲ್ಲಿ ತೂಗುವ ಮರದ ಕುದುರೆ, ಕೆಂಪು ಹಳದಿ ಗಿಲಕಿ, ಸಾಲಾಗಿ ನಿಂತ ರಾಜ ರಾಣಿಯರು. ಬಸ್ಸಿನಲ್ಲಿ ಕೂತವರಿಗೂ ಊರು ಕಾಣುತ್ತಿತ್ತು. 2023ರಲ್ಲಿ ಹೊಸ ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಅದು ರಾಮನಗರ, ಚನ್ನಪಟ್ಟಣ ಎರಡನ್ನೂ ಹೊರಗಿನಿಂದಲೇ ಬಳಸಿಕೊಂಡು ಹೋಗುತ್ತದೆ. ಈಗ ಊರು ಬರೀ ಒಂದು ಫಲಕ.

ಆದರೆ ತಪ್ಪನ್ನೆಲ್ಲ ರಸ್ತೆಯ ಮೇಲೆ ಹಾಕುವ ಹಾಗಿಲ್ಲ. ಅಮ್ಮ ತೀರಿಕೊಂಡು, ಮನೆ ಮಾರಿ 22 ವರ್ಷವಾಯಿತು. ಆ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಒಂದು ಸಲವೂ ಇಳಿದಿರಲಿಲ್ಲ. "ಇನ್ನು ಅಲ್ಲಿ ನಮ್ಮವರು ಅಂತ ಯಾರಿದ್ದಾರೆ?" ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ದಸರಾ ರಜೆಯಲ್ಲಿ ಪುಟ್ಟಿಯನ್ನು ಕರೆದುಕೊಂಡು ಹೊರಟೆ. ಈ ಸಲ ರೈಲಿನಲ್ಲಿ. ರೈಲು ಹಳೆಯ ಗೆಳೆಯನ ಹಾಗೆ, ಈಗಲೂ ಊರೊಳಗೇ ಬಂದು ನಿಲ್ಲುತ್ತದೆ. ಕೆಂಗೇರಿಯಲ್ಲಿ ಹತ್ತಿದೆವು. ಬಿಡದಿ ಬಂದಾಗ ತಟ್ಟೆ ಇಡ್ಲಿಯ ಕಥೆ ಹೇಳಿದೆ. ರಾಮನಗರದ ಬಂಡೆಬೆಟ್ಟಗಳು ಕಂಡಾಗ, "ಅಲ್ಲೇ ಕಣೇ 'ಶೋಲೆ' ಸಿನಿಮಾ ತೆಗೆದಿದ್ದು. 1975ರಲ್ಲಿ ಬಂತು" ಎಂದೆ. ಎದುರು ಸೀಟಿನ ತಾತ ಒಬ್ಬರು ತಕ್ಷಣ ಗಬ್ಬರ್ ಸಿಂಗನ ಹಾಗೆ ಕಣ್ಣರಳಿಸಿ ಪುಟ್ಟಿಯನ್ನು ಹೆದರಿಸಿದರು. ಅಷ್ಟರಲ್ಲಿ ಮದ್ದೂರು ವಡೆಯವರು ಬಂದರು. ವಡೆ ಮುಗಿಯುವ ಮೊದಲೇ ಚನ್ನಪಟ್ಟಣ ಬಂತು.

ನಿಲ್ದಾಣದ ಹೊರಗೆ ಆಟೋದವರು ನಿಂತಿದ್ದರು. ಬೆಂಗಳೂರಿನಲ್ಲಿ ಆಟೋದವರು "ಎಲ್ಲಿಗೆ?" ಎಂದು ಕೇಳುತ್ತಾರೆ. ಇಲ್ಲಿ ಒಬ್ಬರು, "ಯಾರ ಮನೆಗೆ ಹೋಗ್ಬೇಕಮ್ಮಾ?" ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ. "ಯಾರ ಮನೆಗೂ ಇಲ್ಲ" ಎಂದೆ. ಅವರು ನನ್ನನ್ನೂ ಪುಟ್ಟಿಯನ್ನೂ ನೋಡಿ, "ಹಂಗಂದ್ರೆ ಹೆಂಗೆ? ಹತ್ತಿ, ಊರೊಳಗೆ ಹೋದ್ರೆ ಯಾರಾದ್ರೂ ಸಿಗ್ತಾರೆ" ಎಂದರು.

ಸಿಕ್ಕಿದರು. ನಮ್ಮ ಹಳೆಯ ಬೀದಿಯ ತಿರುವಿನಲ್ಲಿ ಒಬ್ಬ ಅಜ್ಜಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಸೇವಂತಿಗೆ, ಕನಕಾಂಬರ, ಮರುಗ. ನಾನು ಪುಟ್ಟಿಗೆ ಒಂದು ಮೊಳ ಕನಕಾಂಬರ ಕೇಳಿದೆ. ಅವರು ಮೊಳ ಹಾಕುತ್ತಾ ಹಾಕುತ್ತಾ ನನ್ನ ಮುಖ ನೋಡಿದರು. ಕೈ ನಿಂತಿತು.

"ನೀನು ಕನ್ನಡ ಮೇಷ್ಟ್ರ ಮಗಳಲ್ವಾ?"

ನನಗೆ ಗಂಟಲು ಕಟ್ಟಿತು. ಅಪ್ಪ ಹೋಗಿ 30 ವರ್ಷ ಕಳೆದಿದೆ. ಬೆಂಗಳೂರಿನಲ್ಲಿ ನಾನು ರಿಟೈರ್ಡ್ ಟೀಚರ್, ಮೂರನೇ ಮಹಡಿಯ ಆಂಟಿ, ಪುಟ್ಟಿಯ ಅಜ್ಜಿ. ಮೇಷ್ಟ್ರ ಮಗಳು ಎಂದು ಕರೆಯುವವರು ಅಲ್ಲಿ ಯಾರೂ ಇಲ್ಲ.

"ಹೌದಜ್ಜಿ" ಎಂದೆ.

"ಅಮ್ಮ ಹೋದ್ಮೇಲೆ ಊರನ್ನೇ ಮರೆತ್ಬಿಟ್ಟೆಯಲ್ಲ! ನಿಮ್ಮಮ್ಮ ದಿನಾ ನನ್ನ ಹತ್ರಾನೇ ಹೂ ತಗೊಳ್ತಿದ್ದುದು. ಒಂದು ದಿನಾನೂ ಚೌಕಾಸಿ ಮಾಡ್ದೆ ಬಿಟ್ಟೋಳಲ್ಲ" ಎಂದು ಗದರಿಸಿದರು. ಗದರಿಸುತ್ತಲೇ ಪುಟ್ಟಿಯ ಜಡೆಗೆ ಎರಡು ಮೊಳ ಮುಡಿಸಿದರು. ದುಡ್ಡು ಮಾತ್ರ ಒಂದೇ ಮೊಳದ್ದು ತೆಗೆದುಕೊಂಡರು.

ನಮ್ಮ ಮನೆ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಹಳೆಯದೆಂದರೆ ಮೆಟ್ಟಿಲಿನ ಒಂದು ಕಲ್ಲು ಮಾತ್ರ. ಅಪ್ಪ ಅದರ ಮೇಲೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಪುಟ್ಟಿ ಹೋಗಿ ಅದರ ಮೇಲೆ ಕೂತಳು. ಅಂಗಡಿಯ ಹುಡುಗ ಏನೂ ಅನ್ನಲಿಲ್ಲ, ನೀರು ತಂದು ಕೊಟ್ಟ.

ನಾನು ನಿಜವಾಗಿ ಹೋಗಬೇಕಾಗಿದ್ದ ಮನೆ ಹಿಂದಿನ ಓಣಿಯಲ್ಲಿತ್ತು. ಹೋಗಲು ಅಂಜಿಕೆಯೂ ಇತ್ತು.

ಮಕ್ಕಳೇ, ಆ ಅಂಜಿಕೆ ಯಾಕೆಂದು ಹೇಳುತ್ತೇನೆ. ಆ ಓಣಿಯಲ್ಲಿ ಒಬ್ಬ ಚಾಚಾ ಇದ್ದರು. ಬೊಂಬೆ ಮಾಡುವವರು. ಶಾಲೆ ಬಿಟ್ಟ ಕೂಡಲೇ ನಾನು ಓಡುತ್ತಿದ್ದುದು ಅವರ ಕೆಲಸದ ಕೋಣೆಗೆ. ಕೊರೆದು ಬಿಸಾಡಿದ ಮರದ ಸುರುಳಿಗಳನ್ನು ಕಿವಿಗೆ ನೇತುಹಾಕಿಕೊಂಡು ಲೋಲಾಕು ಎನ್ನುತ್ತಿದ್ದೆ. ಮದುವೆಯಾಗಿ ಹೊರಟ ದಿನ ಚಾಚಾ ಅಡುಗೆ ಆಟದ ಸಾಮಾನು ಕೊಟ್ಟರು. ಬೆರಳಿನಷ್ಟು ಲಟ್ಟಣಿಗೆ, ಬೀಸುವ ಕಲ್ಲು, ಒಲೆ, ಬಿಂದಿಗೆ. "ನಿನಗಲ್ಲ ಬೇಟಿ, ನಿನ್ನ ಮಕ್ಕಳಿಗೆ. ಅವರನ್ನು ಕರ್ಕೊಂಡು ಬಂದು ತೋರಿಸ್ಬೇಕು" ಎಂದಿದ್ದರು. "ಖಂಡಿತ ಚಾಚಾ" ಎಂದಿದ್ದೆ. ಮಕ್ಕಳು ಹುಟ್ಟಿದರು, ಆಡಿದರು, ದೊಡ್ಡವರಾದರು. ನಾನು ಯಾರನ್ನೂ ಕರೆದುಕೊಂಡು ಹೋಗಲಿಲ್ಲ.

ಓಣಿಗೆ ಕಾಲಿಟ್ಟ ಕೂಡಲೇ ಅರಗಿನ ವಾಸನೆ ಬಂತು. ಬಾಗಿಲು ತೆರೆದೇ ಇತ್ತು. ಒಳಗೆ ಗರಗರ ಸದ್ದು. ಚಾಚಾ ಅವರ ಮಗ ಲೇತಿನ ಮುಂದೆ ಕೂತಿದ್ದರು. ಗಡ್ಡ ಬೆಳ್ಳಗಾಗಿದೆ, ಬೆರಳುಗಳೆಲ್ಲ ಹಸಿರು. ನಾನು ಬಾಗಿಲಲ್ಲೇ ನಿಂತು, "ಮೇಷ್ಟ್ರ ಮಗಳು" ಎಂದೆ. ಯಂತ್ರ ನಿಂತಿತು.

"ಅಕ್ಕಾ! ಬನ್ನಿ, ಬನ್ನಿ, ಒಳಗೆ ಬನ್ನಿ."

ಚಾಚಾ ತೀರಿಕೊಂಡು 9 ವರ್ಷವಾಗಿತ್ತು. ನನಗೆ ಗೊತ್ತೇ ಇರಲಿಲ್ಲ. "ಅಪ್ಪ ಒಂದೊಂದು ಸಲ ಕೇಳ್ತಿದ್ರು, ಆ ಲೋಲಾಕಿನ ಹುಡುಗಿ ಬಂದಿದ್ಲಾ ಅಂತ" ಎಂದರು. ಅವರು ಆಕ್ಷೇಪಣೆಯಾಗಿ ಹೇಳಲಿಲ್ಲ, ಸಹಜವಾಗಿ ಹೇಳಿದರು. ಅದಕ್ಕೇ ಹೆಚ್ಚು ನೋವಾಯಿತು. "ತಡಮಾಡಿಬಿಟ್ಟೆ ಭಾಯ್, ತಪ್ಪಾಯಿತು" ಎಂದೆ. ಅವರು ಪುಟ್ಟಿಯ ತಲೆ ಸವರಿ, "ಈಗ ಕರ್ಕೊಂಡು ಬಂದ್ರಲ್ಲ. ಬಾಮ್ಮಾ, ಇಲ್ಲಿ ಕೂತ್ಕೋ" ಎಂದು ಲೇತಿನ ಪಕ್ಕ ಮಣೆ ಹಾಕಿದರು. ಚಿಕ್ಕವಳಿದ್ದಾಗ ನಾನು ಕೂರುತ್ತಿದ್ದುದೂ ಅಲ್ಲೇ.

ಆಮೇಲೆ ಪುಟ್ಟಿಗೆ ಪಾಠ ಶುರುವಾಯಿತು. ಇದು ಆಲೆ ಮರ, ಬಿಳಿ ಬಣ್ಣ, ಮೆತ್ತನೆ, ಎಳೆಗಳು ಒತ್ತೊತ್ತಾಗಿ ಇರುವುದರಿಂದ ನುಣ್ಣಗೆ ಕೊರೆಯಬಹುದು. ಚೆನ್ನಾಗಿ ಒಣಗಿಸದಿದ್ದರೆ ಆಮೇಲೆ ಬಿರುಕು ಬಿಡುತ್ತದೆ. ತುಂಡನ್ನು ಲೇತಿಗೆ ಸಿಕ್ಕಿಸಿ, ತಿರುಗುವಾಗ ಉಳಿ ಹಿಡಿದರೆ ಆಕಾರ ಬರುತ್ತದೆ. ಚಾಚಾ ಕಾಲದಲ್ಲಿ ಬಿಲ್ಲಿನ ದಾರ ಎಳೆದು ಕೈಯಲ್ಲೇ ತಿರುಗಿಸುವ ಯಂತ್ರವಿತ್ತು. ಈಗ ಮೋಟಾರು.

"ಬಣ್ಣ ಹಚ್ಚೋ ಬ್ರಶ್ ಎಲ್ಲಿ?" ಪುಟ್ಟಿ ಕೇಳಿದಳು.

"ಬ್ರಶ್ಶೇ ಇಲ್ಲ ನೋಡು!" ಎಂದು ಅವರು ಹಳದಿ ಅರಗಿನ ಕಡ್ಡಿಯೊಂದನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರು. ಉಜ್ಜಿದ ಬಿಸಿಗೇ ಅರಗು ಕರಗಿ, ಮರದ ಸುತ್ತ ಹಳದಿ ಪಟ್ಟಿ ಕೂತಿತು. ಅರಗು ಎಂದರೆ ಮುತ್ತುಗ, ಬೋರೆಯಂಥ ಮರಗಳ ಕೊಂಬೆಯ ಮೇಲೆ ಒಂದು ಜಾತಿಯ ಪುಟ್ಟ ಹುಳು ಮಾಡುವ ಅಂಟು. ಅದನ್ನು ಕಾಯಿಸಿ, ಅರಿಸಿನ, ನೀಲಿ ಮುಂತಾದ ಬಣ್ಣ ಬೆರೆಸಿ ಕಡ್ಡಿ ಮಾಡುತ್ತಾರೆ. ಕೊನೆಗೆ ಒಣಗಿದ ಗರಿಯೊಂದನ್ನು ತಿರುಗುವ ಬೊಂಬೆಗೆ ಒತ್ತಿದರು. ಇದನ್ನು ಇಲ್ಲಿ ತಾಳೆಗರಿ ಎನ್ನುತ್ತಾರೆ. ಬಣ್ಣ ಸಮನಾಗಿ ಹರಡಿ ಕನ್ನಡಿಯ ಹಾಗೆ ಹೊಳೆಯಿತು. ಪುಟ್ಟಿ ಬಾಯಿ ತೆರೆದು ನೋಡುತ್ತಿದ್ದಳು.

ಈ ಕಲೆಯನ್ನು ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದಿಂದ ಬಂದ ಕುಶಲಕರ್ಮಿಗಳು ಕಲಿಸಿದರೆಂದು ಊರಿನವರು ಹೇಳುತ್ತಾರೆ. ಚನ್ನಪಟ್ಟಣದ ಬೊಂಬೆಗೆ 2005–06ರ ಸಾಲಿನಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಈ ಊರಿನ ಹೆಸರನ್ನು ಬೇರೆ ಕಡೆ ಮಾಡಿದ ಬೊಂಬೆಗೆ ಇಟ್ಟು ಮಾರುವಂತಿಲ್ಲ.

ಪಕ್ಕದ ಲೇತಿನಲ್ಲಿ ಒಬ್ಬ ಹೆಣ್ಣುಮಗಳು ಬುಗುರಿ ಕೊರೆಯುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಳಿಯನ್ನು ಪೆನ್ನಿನಷ್ಟು ಸಲೀಸಾಗಿ ಹಿಡಿದಿದ್ದಳು. ಪಕ್ಕದ ಹಳ್ಳಿಯಿಂದ ಬರುತ್ತಾಳಂತೆ. "ಮೊದಲು ಬರೀ ಪ್ಯಾಕಿಂಗ್ ಮಾಡ್ತಿದ್ದೆ ಅಮ್ಮ. ನಾನೂ ಕೊರೀತೀನಿ ಅಂದಾಗ ಎಲ್ಲರೂ ನಕ್ಕರು. ಈಗ ನಗಲ್ಲ" ಎಂದಳು. ಪುಟ್ಟಿಗೆ ಅರಗಿನ ಕಡ್ಡಿ ಹಿಡಿಯಲು ಕೊಟ್ಟವಳೂ ಅವಳೇ. ಪುಟ್ಟಿಯ ಕೈ ನಡುಗಿ, ಬುಗುರಿಯ ಕೆಂಪು ಪಟ್ಟಿ ಸೊಟ್ಟಗಾಯಿತು. "ಇರ್ಲಿ ಬಿಡು. ನೂರು ಬುಗುರಿ ಮಧ್ಯೆ ಇಟ್ರೂ ಇದು ನಿಂದೇ ಅಂತ ಗೊತ್ತಾಗುತ್ತೆ" ಎಂದಳು.

ಚಹಾ ಬಂತು. ವ್ಯಾಪಾರದ ಮಾತೂ ಬಂತು. ಚಾಚಾ ಅವರ ಮೊಮ್ಮಗ ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾನೆ. "ಅವನು ಚೆನ್ನಾಗಿದ್ದಾನೆ, ಸಂತೋಷ. ಆದ್ರೆ ಈ ಲೇತಿನ ಮುಂದೆ ನನ್ನ ನಂತರ ಯಾರು ಕೂರ್ತಾರೋ ನೋಡ್ಬೇಕು" ಎಂದರು. ಬುಗುರಿ ಕೊರೆಯುತ್ತಿದ್ದವಳು ತಲೆಯೆತ್ತದೆ, "ನಾನಿಲ್ವಾ ಅಣ್ಣಾ?" ಎಂದಳು. ಅವರು ನಕ್ಕು, "ಹೌದೌದು, ಇದ್ದೀಯ" ಎಂದರು. ಆ ನಗುವಿನಲ್ಲಿ ಎಷ್ಟು ಧೈರ್ಯವಿತ್ತು, ಎಷ್ಟು ಚಿಂತೆಯಿತ್ತು, ಹೇಳಲಾರೆ.

ಸಂಜೆ ಹಳೆಯ ಹೆದ್ದಾರಿಯ ಬೊಂಬೆ ಅಂಗಡಿಗೆ ಹೋದೆವು. ಅಂಗಡಿಯವರು ಮಾತಿನ ಮಲ್ಲ. "ಮುಂಚೆ ಕಾರುಗಳಿದ್ವು, ನಿಲ್ಲಿಸೋಕೆ ಜಾಗ ಇರ್ಲಿಲ್ಲ. ಈಗ ಜಾಗ ಬೇಕಾದಷ್ಟಿದೆ, ಕಾರಿಲ್ಲ!" ಎಂದು ತಮ್ಮ ಕಷ್ಟಕ್ಕೆ ತಾವೇ ನಕ್ಕರು. ಪುಟ್ಟಿಗೆ ತಲೆಯಾಡಿಸುವ ಅಜ್ಜ ಅಜ್ಜಿಯ ಬೊಂಬೆ ತೋರಿಸಿ, "ನೋಡು, ನೀನು ಏನು ಕೇಳಿದ್ರೂ ಇವರು ಹೂಂ ಅಂತಾರೆ" ಎಂದರು. ಪುಟ್ಟಿ ಬೊಂಬೆಗೆ, "ದಿನಾ ಐಸ್‌ಕ್ರೀಮ್ ಕೊಡಿಸ್ತೀರಾ?" ಎಂದು ಕೇಳಿ, ನನ್ನ ಕಡೆ ತಿರುಗಿ ನೋಡಿದಳು. ಬೊಂಬೆ ಹೂಂ ಎಂದಿತು. ನಾನು ಅನ್ನಲಿಲ್ಲ. ಬೊಂಬೆಯನ್ನು ಮಾತ್ರ ಕೊಡಿಸಿದೆ.

ಹೊರಡುವಾಗ ಬೆಳಗಿನ ಆಟೋದವರೇ ಸಿಕ್ಕಿದರು. "ಸಿಕ್ಕಿದ್ರಾ ಯಾರಾದ್ರೂ?" ಎಂದರು.

"ಎಲ್ಲರೂ ಸಿಕ್ಕಿದರು" ಎಂದೆ. ಹೇಳಿದ ಮೇಲೆ ನೆನಪಾಯಿತು, ಎಲ್ಲರೂ ಅಲ್ಲ. ಒಬ್ಬರು ಸಿಗಲಿಲ್ಲ. ನಾನು ತಡವಾಗಿ ಬಂದಿದ್ದೆ.

ಅಜ್ಜ ಅಜ್ಜಿಯರೇ, ನಿಮಗೂ ಇಂಥದೊಂದು ಊರು ಇರುತ್ತದೆ. ಮನೆ ಮಾರಿದರೂ, ನಮ್ಮನ್ನು ನಮ್ಮ ಅಪ್ಪನ ಹೆಸರಿನಿಂದ ಗುರುತಿಸುವವರು ಅಲ್ಲಿ ಇನ್ನೂ ಕೆಲವರು ಇರುತ್ತಾರೆ. ಆದರೆ ಅವರಿಗೂ ವಯಸ್ಸಾಗುತ್ತಿದೆ. ಮಕ್ಕಳೇ, ನೀವು ಕೇಳಿದರೆ ಸಾಕು, "ನಿಮ್ಮೂರು ಎಲ್ಲಿ?" ಅಂತ. ಅವರು ಹೊರಡುತ್ತಾರೆ.

ಕಳೆದ ವಾರ ಮತ್ತೆ ಮೈಸೂರಿಗೆ ಹೋಗುವುದಿತ್ತು. ಕಾರು ಹೆದ್ದಾರಿಯಲ್ಲಿ ವೇಗವಾಗಿ ಸಾಗುತ್ತಿತ್ತು. ಪುಟ್ಟಿ ಮಡಿಲಲ್ಲಿ ಸೊಟ್ಟ ಪಟ್ಟಿಯ ಬುಗುರಿ ಇಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ನನಗೆ ಸಣ್ಣ ಜೊಂಪು. ಇದ್ದಕ್ಕಿದ್ದಂತೆ ಅವಳು ಕೂಗಿದಳು:

"ಅಪ್ಪಾ, ಊರೊಳಗಿನ ರಸ್ತೆಗೆ ತಿರುಗಿಸಿ! ಬೇಗ, ಇಲ್ಲಾಂದ್ರೆ ನಾವು ಹೊರಟುಹೋಗ್ತೀವಿ!"