ಹುಲ್ಲು ಹೊದಿಕೆಯ ಹ್ಯಾತವೇ ಮನೆ

ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ಊರಿಗೆ ಹೋದವರೆಲ್ಲರೂ ಮಹಾಕವಿ ಶೇಕ್ಸ್‌ಪಿಯರನ ಜನ್ಮಗೃಹವನ್ನು ತಪ್ಪದೆ ನೋಡುತ್ತಾರೆ. ನಾವೂ ನೋಡಿದೆವು. ಆದರೆ ನಮ್ಮ ಮನಸ್ಸಿನಲ್ಲಿ ನೆಲೆನಿಂತದ್ದು ಅಲ್ಲಿಂದ ಸುಮಾರು ಒಂದು ಮೈಲಿ ದೂರದ ಶಾಟರಿ ಗ್ರಾಮದಲ್ಲಿರುವ, ಆತನ ಪತ್ನಿ ಆನ್ ಹ್ಯಾತವೇಯ ತವರುಮನೆ.

ಜನರು ಇದನ್ನು 'ಕಾಟೇಜ್' ಎಂದು ಕರೆಯುತ್ತಾರೆ. ಆ ಹೆಸರು ಕೇಳಿ ಪುಟ್ಟ ಗುಡಿಸಲನ್ನು ಊಹಿಸಿಕೊಂಡು ಹೋದ ನಮಗೆ ಎದುರಾದದ್ದು ಹನ್ನೆರಡು ಕೋಣೆಗಳ ಒಕ್ಕಲುಮನೆ. ಹ್ಯಾತವೇ ಕುಟುಂಬದ ಕಾಲದಲ್ಲಿ ಇದಕ್ಕೆ 90 ಎಕರೆಗೂ ಮಿಕ್ಕ ಜಮೀನು ಸೇರಿತ್ತು.

ಮನೆಯ ಅತ್ಯಂತ ಹಳೆಯ ಭಾಗ 1460ರ ದಶಕದ್ದು. ಅದರ ಕಟ್ಟಡಕ್ರಮ ಸರಳ, ಆದರೆ ಬಲು ಜಾಣತನದ್ದು. ಬಾಗಿ ಬೆಳೆದ ಓಕ್ ಮರವನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ಎದುರುಬದುರು ನಿಲ್ಲಿಸಿ, ತುದಿಗಳನ್ನು ಮೇಲೆ ಕೂಡಿಸಿದ್ದಾರೆ. ನೆಲದಿಂದ ಮಾಡಿನ ನೆತ್ತಿಯವರೆಗೆ ಚಾಚಿದ ಈ ಜೋಡಿಗಳೇ ಛಾವಣಿಯ ಭಾರವನ್ನು ಹೊರುತ್ತವೆ. ಗೋಡೆಗಳಿಗೆ ಆ ಹೊರೆಯಿಲ್ಲ. ಆದುದರಿಂದಲೇ ಮರದ ಚೌಕಟ್ಟುಗಳ ನಡುವೆ ಕಡ್ಡಿಗಳ ತಡಿಕೆ ಹೆಣೆದು, ಮಣ್ಣು, ಸಗಣಿ, ಹುಲ್ಲುಗಳನ್ನು ಕಲಸಿ ಮೆತ್ತಿದರೆ ಸಾಕಾಗುತ್ತಿತ್ತು. ಬುಡಕ್ಕೆ ಮಾತ್ರ ತೇವ ಏರದಂತೆ ಕಲ್ಲಿನ ಪಾಯ.

ಮಾಡಿಗೆ ದಪ್ಪನೆಯ ಹುಲ್ಲಿನ ಹೊದಿಕೆ. ಇಳಿಜಾರು ಕಡಿದಾಗಿರುವುದರಿಂದ ಮಳೆನೀರು ಒಳಗಿಳಿಯುವ ಮೊದಲೇ ಜಾರಿಹೋಗುತ್ತದೆ. ಮುಂದಕ್ಕೆ ಚಾಚಿದ ಸೂರು ಆ ನೀರನ್ನು ಗೋಡೆಯಿಂದ ದೂರ ಬೀಳಿಸುತ್ತದೆ. ಇಂತಹ ಹೊದಿಕೆ ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪು. ಆದರೆ ಒಮ್ಮೆ ಹೊದಿಸಿ ಮರೆಯುವಂತಿಲ್ಲ. ಮಾಡಿನ ನೆತ್ತಿಯ ಹುಲ್ಲನ್ನು ಹತ್ತು ಹದಿನೈದು ವರ್ಷಗಳಿಗೊಮ್ಮೆ ಬದಲಿಸಬೇಕು.

ಒಳಗೆ ಅಗಲವಾದ ಒಲೆಗೂಡು, ಅಡುಗೆಮನೆಯಲ್ಲಿ ರೊಟ್ಟಿ ಸುಡುವ ಗೂಡು. ಮೊದಲು ನಡುಮನೆಗೆ ಅಟ್ಟವೇ ಇರಲಿಲ್ಲ. ಮುಂದೆ ಹೊಗೆಗೊಳವೆ ಬಂದು, ಅಟ್ಟ ಬಂದು, ಮಲಗುವ ಕೋಣೆಗಳಾದವು.

ಆನ್‌ಳ ತಂದೆ ರಿಚರ್ಡ್ 1581ರಲ್ಲಿ ತೀರಿಕೊಂಡನು. ಮಗಳ ಮದುವೆಯ ದಿನ ಅವಳಿಗೆ 6 ಪೌಂಡ್ 13 ಷಿಲಿಂಗ್ 4 ಪೆನ್ಸ್ ಕೊಡಬೇಕೆಂದು ಆತ ಉಯಿಲಿನಲ್ಲಿ ಬರೆಸಿದ್ದನು. ಮರುವರ್ಷವೇ ಮದುವೆಯಾಯಿತು, ನೋಡಲು ತಂದೆಯಿರಲಿಲ್ಲ. ಈ ಸಂಗತಿಯನ್ನು ನೆನೆದು ಆ ಒಲೆಯ ಮುಂದೆ ನಾವು ಕ್ಷಣಕಾಲ ಸುಮ್ಮನೆ ನಿಂತೆವು.

ಗೇಣಿಯ ಮನೆಯಾಗಿದ್ದ ಇದನ್ನು ಆನ್‌ಳ ಸೋದರ ಬಾರ್ತಾಲೊಮ್ಯು 1610ರಲ್ಲಿ ಕೊಂಡು ಸ್ವಂತವಾಗಿಸಿಕೊಂಡನು; ಮನೆಯನ್ನು ವಿಸ್ತರಿಸಿದವನೂ ಆತನೇ. ಆದರೆ ಲಕ್ಷ್ಮಿ ಎಲ್ಲಿಯೂ ಸ್ಥಿರಳಲ್ಲ. ಹಣದ ಮುಗ್ಗಟ್ಟಿನಿಂದ ವಂಶಸ್ಥರು ಹತ್ತೊಂಬತ್ತನೆಯ ಶತಮಾನದಲ್ಲಿ ಮನೆಯನ್ನು ಮಾರಿ, ಹಿರಿಯರು ಕಟ್ಟಿದ ಸೂರಿನ ಕೆಳಗೆ ಮತ್ತೆ ಬಾಡಿಗೆದಾರರಾದರು. 1892ರಲ್ಲಿ ಶೇಕ್ಸ್‌ಪಿಯರ್ ಜನ್ಮಸ್ಥಳ ಟ್ರಸ್ಟು ಕೊಂಡಾಗಲೂ ವಂಶದ ಮೇರಿ ಬೇಕರ್ ಎಂಬ ವೃದ್ಧೆ ಅಲ್ಲಿಯೇ ಇದ್ದು, ಬಂದವರಿಗೆ ಮನೆ ತೋರಿಸುತ್ತಿದ್ದರು. ಒಡೆತನ ಹೋದರೂ ಮಮತೆ ಹೋಗಿರಲಿಲ್ಲ.

1969ರಲ್ಲಿ ಬೆಂಕಿ ಬಿದ್ದು ಮನೆಗೆ ಭಾರಿ ಹಾನಿಯಾಯಿತು. ಟ್ರಸ್ಟು ಅದನ್ನು ಮತ್ತೆ ಹಿಂದಿನಂತೆಯೇ ಕಟ್ಟಿಸಿತು. ಹುಲ್ಲು, ಮಣ್ಣು, ಮರ ಇವು ತಾವಾಗಿ ಐದು ಶತಮಾನ ಬಾಳುವಂಥವಲ್ಲ. ತಲೆಮಾರು ತಲೆಮಾರಿನವರು ಕೈಬಿಡದೆ ನೋಡಿಕೊಂಡುದರಿಂದ ಬಾಳಿವೆ. ಹೊರಬಂದು ತೋಟದ ಬಾಗಿಲಲ್ಲಿ ನಿಂತು ಆ ಸೂರನ್ನು ಮತ್ತೊಮ್ಮೆ ಕಣ್ತುಂಬ ನೋಡಿ ನಾವು ಊರ ದಾರಿ ಹಿಡಿದೆವು.