47ರ ಲೆಕ್ಕ (ಭಾಗ 6)

ಈ ಸಲದ ಕ್ಯಾಪ್ಶನ್ ಸ್ವಲ್ಪ ಉದ್ದ ಇದೆ. ಬಿಕಾಂ ಹುಡುಗಿ ಬಯಾಲಜಿ ಬರೀತಿದಾಳೆ ಅಂತ ನಗಬೇಡಿ, ಇದೂ ಲೆಕ್ಕಾನೇ.

ಮನುಷ್ಯನ ಜೀವಕೋಶದಲ್ಲಿ ಸಾಮಾನ್ಯವಾಗಿ 46 ಕ್ರೋಮೋಸೋಮ್ ಇರ್ತವೆ. ಅಮ್ಮನಿಂದ 23, ಅಪ್ಪನಿಂದ 23, ಒಟ್ಟು 23 ಜೋಡಿ. ಹೈಸ್ಕೂಲಲ್ಲಿ ವರ್ಣತಂತು ಅಂತ ಓದಿರ್ತೀರಿ. ಮಜಾ ಏನಂದ್ರೆ, 1920ರ ದಶಕದಿಂದ ಮೂವತ್ತು ವರ್ಷ ವಿಜ್ಞಾನಿಗಳೇ ಇದನ್ನ 48 ಅಂತ ನಂಬಿದ್ರು. ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಟಿಯೊ ಮತ್ತು ಆಲ್ಬರ್ಟ್ ಲೆವಾನ್ ಸರಿಯಾಗಿ ಎಣಿಸಿ, 46 ಅಂತ ಪ್ರಕಟಿಸಿದ್ದು 1956ರಲ್ಲಿ. ಆಡಿಟ್ ಆಗೋಕೆ ಅಷ್ಟು ಕಾಲ ಬೇಕಾಯ್ತು.

ನನ್ನ ತಮ್ಮನಿಗೆ 47 ಇವೆ.

ಅವನಿಗೆ ಈಗ 14 ವರ್ಷ. 21ನೇ ಕ್ರೋಮೋಸೋಮ್ ಎರಡಿರೋ ಕಡೆ ಮೂರಿದೆ. ಇದನ್ನೇ ಡೌನ್ ಸಿಂಡ್ರೋಮ್ ಅನ್ನೋದು. 'ಡೌನ್' ಅಂದ್ರೆ ಕೆಳಗೆ ಅಂತ ಅಲ್ಲ, 1866ರಲ್ಲಿ ಇದನ್ನ ವಿವರಿಸಿದ ಇಂಗ್ಲೆಂಡಿನ ಡಾಕ್ಟರ್ ಜಾನ್ ಲ್ಯಾಂಗ್ಡನ್ ಡೌನ್ ಅವರ ಹೆಸರು ಅದು. ಕಾರಣ ಒಂದು ಹೆಚ್ಚುವರಿ ಕ್ರೋಮೋಸೋಮ್ ಅಂತ ತೋರಿಸಿದ್ದು 1959ರಲ್ಲಿ, ಪ್ಯಾರಿಸ್‌ನ ಮಾರ್ತ್ ಗೋತಿಯೆ, ಜೆರೋಮ್ ಲೆಜೂನ್, ರೇಮಂಡ್ ಟರ್ಪಿನ್. ನಡುವೆ 93 ವರ್ಷ ಜನ ಬಾಯಿಗೆ ಬಂದ ಕಾರಣ ಹೇಳಿದ್ರು. ನಮ್ಮ ನೆಂಟರು ಈಗಲೂ ಹೇಳ್ತಿದಾರೆ.

ಹೋದ ತಿಂಗಳು ಒಂದು ಮದುವೆ ಊಟದ ಪಂಕ್ತಿಯಲ್ಲಿ ಒಬ್ಬರು ಅಮ್ಮನ್ನ ಕೇಳಿದ್ರು. "ಮಗಳ ಡಿಗ್ರಿ ಮುಗೀತಾ ಬಂತು. ಗಂಡು ನೋಡುವಾಗ ತಮ್ಮನ ವಿಷಯ ಹೇಳ್ತೀರಾ? ನಾಳೆ ಇವಳ ಮಕ್ಕಳಿಗೂ ಬಂದ್ರೆ?" ಹೋಳಿಗೆ ಮುರೀತಿದ್ದ ಅಮ್ಮನ ಕೈ ನಿಂತುಹೋಯ್ತು. ಏನೂ ಮಾತಾಡಲಿಲ್ಲ. 14 ವರ್ಷದಿಂದ ಅವಳು ಕೇಳಿಸಿಕೊಂಡಿರೋದು ಒಂದೆರಡಲ್ಲ. ಬಸುರಿಯಲ್ಲಿ ಗ್ರಹಣ ನೋಡಿದ್ಲಂತೆ, ಪರಂಗಿ ಹಣ್ಣು ತಿಂದ್ಲಂತೆ, ನಾಗದೋಷ ಅಂತೆ. ಎಲ್ಲಾ ಎಂಟ್ರಿನೂ ಅವಳ ಖಾತೆಗೇ ಡೆಬಿಟ್.

ಅವಳು ಕೊಡದ ಉತ್ತರ ನಾನು ಇಲ್ಲಿ ಬರೀತೀನಿ.

ಆಸ್ತಿ ಪಾಲು ಗೊತ್ತಲ್ಲ? ಅಂಡಾಣು, ವೀರ್ಯಾಣು ತಯಾರಾಗುವಾಗ ಪ್ರತಿ ಜೋಡಿನೂ ಪಾಲಾಗಬೇಕು, ಒಂದೊಂದು ಕಡೆ ಒಂದೊಂದು. ಕೆಲವು ಸಲ ಒಂದು ಜೋಡಿ ಬೇರ್ಪಡೋದೇ ಇಲ್ಲ, ಎರಡೂ ಒಂದೇ ಕಡೆ ಹೋಗ್ತವೆ. ಆ ಕಡೆಗೆ ಇನ್ನೊಬ್ಬರ ಒಂದು ಸೇರಿದ್ರೆ ಮೂರು. ಡೌನ್ ಸಿಂಡ್ರೋಮ್ ಇರೋ 100 ಮಕ್ಕಳಲ್ಲಿ ಸುಮಾರು 95 ಮಕ್ಕಳ ಕಥೆ ಇದೇ. ಹೆಚ್ಚಿನ ಸಲ ಇದು ಅಂಡಾಣುವಿನಲ್ಲಿ ಆಗುತ್ತೆ, ಕೆಲವು ಸಲ ಅಪ್ಪನ ಕಡೆಯಿಂದಲೂ ಬರುತ್ತೆ.

ಈಗ ನನಗೆ ತುಂಬಾ ಆಶ್ಚರ್ಯ ಆದ ವಿಷಯ. ಹೆಣ್ಣಿನ ಅಂಡಾಣುಗಳಲ್ಲಿ ಈ ವಿಭಜನೆ ಶುರುವಾಗೋದು ಅವಳು ಹುಟ್ಟೋಕ್ಕೂ ಮುಂಚೆ! ಅರ್ಧಕ್ಕೆ ನಿಂತು, ಎಷ್ಟೋ ವರ್ಷ ಆದಮೇಲೆ ಮುಂದುವರಿಯುತ್ತೆ. ಅಂದ್ರೆ ತಮ್ಮನ ಆ ಪಾಲು ಶುರುವಾಗಿದ್ದು ಅಮ್ಮ ಅಜ್ಜಿ ಹೊಟ್ಟೇಲಿದ್ದಾಗ. ಮುಗಿದಿದ್ದು ಅಮ್ಮನಿಗೆ ತಾನು ಬಸುರಿ ಅಂತ ಗೊತ್ತಾಗೋಕ್ಕೂ ಮುಂಚೆ. ಆರನೇ ತಿಂಗಳಲ್ಲಿ ನೋಡಿದ ಗ್ರಹಣ ಹಿಂದಕ್ಕೆ ಹೋಗಿ ಆ ಲೆಕ್ಕ ತಿದ್ದೋಕಾಗುತ್ತಾ?

ವಯಸ್ಸಿಗೆ ಸಂಬಂಧ ಇದೆ, ಅದು ನಿಜ. ತಾಯಿಗೆ 25 ಆಗಿದ್ರೆ ಸುಮಾರು 1,250ಕ್ಕೆ ಒಂದು, 40ಕ್ಕೆ ಸುಮಾರು 100ಕ್ಕೆ ಒಂದು. ಅಮ್ಮನಿಗೆ ಆಗ 26. ಸಾವಿರಕ್ಕೊಂದು ಅಂದ್ರೆ ಯಾರಿಗೂ ಇಲ್ಲ ಅಂತಲ್ಲ, ಯಾರಿಗೋ ಒಬ್ಬರಿಗೆ ಅಂತ.

21 ಒಂದೇ ಅಲ್ಲ. 18 ಮೂರಾದ್ರೆ ಎಡ್ವರ್ಡ್ಸ್, 13 ಮೂರಾದ್ರೆ ಪಟಾವ್ ಸಿಂಡ್ರೋಮ್. ಎರಡೂ ತುಂಬಾ ತೀವ್ರ, ಹೆಚ್ಚಿನ ಮಕ್ಕಳು ಒಂದು ವರ್ಷ ದಾಟೋದು ಕಷ್ಟ. ಹುಡುಗಿಗೆ ಎರಡನೇ ಎಕ್ಸ್ ಇಲ್ಲದಿದ್ರೆ ಟರ್ನರ್, ಹುಡುಗನಿಗೆ ಒಂದು ಎಕ್ಸ್ ಜಾಸ್ತಿ ಇದ್ರೆ ಕ್ಲೈನ್‌ಫೆಲ್ಟರ್. ಮೊದಲ ಮೂರು ತಿಂಗಳಲ್ಲಿ ಆಗೋ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಇಂಥ ಕ್ರೋಮೋಸೋಮ್ ಲೆಕ್ಕದ ವ್ಯತ್ಯಾಸವೇ. ಭಾರ ಎತ್ತಿದ್ಲು, ಬಸ್ಸಲ್ಲಿ ಓಡಾಡಿದ್ಲು ಅಂತ ಅಲ್ಲೂ ಬೈಸಿಕೊಳ್ಳೋದು ಹೆಂಗಸರೇ.

ಇನ್ನು "ಇವಳ ಮಕ್ಕಳಿಗೂ ಬಂದ್ರೆ?" ಅನ್ನೋ ಪ್ರಶ್ನೆ. ಇದಕ್ಕೆ ಕ್ಯಾರಿಯೋಟೈಪ್ ಅನ್ನೋ ರಕ್ತಪರೀಕ್ಷೆ ಉತ್ತರ ಕೊಡುತ್ತೆ. ತಮ್ಮನ ರಿಪೋರ್ಟಲ್ಲಿ "47, ಎಕ್ಸ್‌ವೈ, +21" ಅಂತಿದೆ. ಮೂರನೇ 21 ಸ್ವತಂತ್ರವಾಗಿದೆ ಅಂತ ಅರ್ಥ. ಇದು ಮನೆತನದಲ್ಲಿ ಹರಿಯೋದಲ್ಲ. ನನ್ನ ವಯಸ್ಸಿನ ಬೇರೆ ಹುಡುಗೀರಿಗೆ ಎಷ್ಟು ಸಾಧ್ಯತೆಯೋ ನನಗೂ ಹೆಚ್ಚುಕಮ್ಮಿ ಅಷ್ಟೇ. ಆದ್ರೆ 100ಕ್ಕೆ 3-4 ಮಕ್ಕಳಲ್ಲಿ 21ರ ತುಂಡು ಬೇರೆ ಕ್ರೋಮೋಸೋಮ್‌ಗೆ, ಹೆಚ್ಚಾಗಿ 14ಕ್ಕೆ ಅಂಟಿಕೊಂಡಿರುತ್ತೆ. ಅದಕ್ಕೆ ಟ್ರಾನ್ಸ್‌ಲೊಕೇಶನ್ ಅಂತಾರೆ. ಅದು ಆರೋಗ್ಯವಾಗಿರೋ ಅಪ್ಪ ಅಥವಾ ಅಮ್ಮನಿಂದ ಬಂದಿರಬಹುದು, ಆಗ ಮನೆಯವರೂ ಪರೀಕ್ಷೆ ಮಾಡಿಸಬೇಕು. ನಿಮ್ಮ ಮನೇಲಿ ಇಂಥ ರಿಪೋರ್ಟ್ ಇದ್ರೆ ಬೀರುವಿನಲ್ಲಿ ಮಡಿಚಿಡಬೇಡಿ, ಜೆನೆಟಿಕ್ ಕೌನ್ಸೆಲರ್ ಹತ್ರ ಓದಿಸಿ.

ಇಲ್ಲಿಗೆ ನಿಲ್ಲಿಸಿದ್ರೆ ಆ ನೆಂಟರಿಗೆ ಉತ್ತರ ಸಿಕ್ಕ ಹಾಗೆ. ಆದ್ರೂ ನನಗೆ ಸಮಾಧಾನ ಇಲ್ಲ. "ನನಗೆ ಬರಲ್ಲ, ನೋಡಿ ರಿಪೋರ್ಟ್" ಅಂತ ತೋರಿಸೋವಾಗ ಅವನೇನೋ ನಮ್ಮನೆಗೆ ಅಂಟಿದ ಕಲೆ, ನಾನು ಶುದ್ಧ ಅಂತ ಸರ್ಟಿಫಿಕೇಟ್ ತೋರಿಸಿದ ಹಾಗೆ ಅನ್ಸುತ್ತೆ. ರಿಪೋರ್ಟಲ್ಲಿ ಟ್ರಾನ್ಸ್‌ಲೊಕೇಶನ್ ಅಂತಿದ್ದಿದ್ರೂ ಅವನು ಇವನೇ ಅಲ್ವಾ?

ಇವನು ಅಂದ್ರೆ ಯಾರು ಗೊತ್ತಾ? ಡೌನ್ ಸಿಂಡ್ರೋಮ್ ಇರೋ ಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನಕ್ಕೆ ಹುಟ್ಟಿನಿಂದ ಹೃದಯದ ತೊಂದರೆ ಇರುತ್ತೆ. ಇವನಿಗೂ ಇತ್ತು, ಎರಡನೇ ವರ್ಷದಲ್ಲಿ ಆಪರೇಶನ್ ಆಯ್ತು. ದಿನಾ ಬೆಳಿಗ್ಗೆ ಥೈರಾಯ್ಡ್ ಮಾತ್ರೆ ತಾನೇ ನೆನಪಿಟ್ಟು ತಗೋತಾನೆ. ಮಾತು ನಿಧಾನ, ಓದು ನಿಧಾನ. ಲೂಡೋದಲ್ಲಿ ಮೋಸ ಮಾಡೋದು ಮಾತ್ರ ಭಾರೀ ಸ್ಪೀಡು. ಹಾಲು ಬಂದ ದಿನ ಕ್ಯಾಲೆಂಡರಲ್ಲಿ ಟಿಕ್ ಹಾಕೋದು ಇವನ ಕೆಲಸ. ಒಂದು ತಿಂಗಳು ಬಿಲ್ಲಲ್ಲಿ ಎರಡು ದಿನ ಜಾಸ್ತಿ ಬಂದಿತ್ತು, ಇವನ ಟಿಕ್ ತೋರಿಸಿಯೇ ಅಪ್ಪ ದುಡ್ಡು ಕಡಿಮೆ ಮಾಡಿಸಿದ್ದು. ಬಿಕಾಂ ನಾನು, ಅಕೌಂಟೆಂಟ್ ಅವನು.

ಕ್ಲಾಸಲ್ಲಿ ಯಾರಾದ್ರೂ ತಪ್ಪು ಉತ್ತರ ಹೇಳಿದ್ರೆ "ಏ ಮೆಂಟಲ್" ಅಂತೀವಲ್ಲ, ಅದು ಯಾರ ಮನೆ ಬಾಗಿಲು ತಟ್ಟುತ್ತೆ ಅಂತ ಒಂದ್ಸಲ ಯೋಚಿಸಿ. ಹಾಗೇ, ಹೆತ್ತವಳಿಗೆ "ಗ್ರಹಣ ನೋಡಿದ್ಯಾ?" ಅಂತ ಯಾರಾದ್ರೂ ಕೇಳಿದ್ರೆ ನೀವಿದ್ದಲ್ಲೇ ತಡೀರಿ.

ಮತ್ತೆ ಆ ಮದುವೆ ಮನೆ ಪ್ರಶ್ನೆಗೆ ಉತ್ತರ: ಹೌದು, ಹೇಳ್ತೀವಿ. ಹೇಳೋದೇನು, ಯಾರಾದ್ರೂ ನನ್ನ ನೋಡೋಕೆ ಬಂದ ದಿನ ಅವನು ಹಾಲಲ್ಲೇ ಕೂತಿರ್ತಾನೆ. ಕಾಫಿ ಲೋಟ ಎಣಿಸಿ ತರೋದೂ ಅವನೇ.

#47ರ_ಲೆಕ್ಕ #ಡೌನ್_ಸಿಂಡ್ರೋಮ್ #ನನ್ನ_ತಮ್ಮ #ಬಿಕಾಂ_ಹುಡುಗಿ_ಬರೀತಾಳೆ