ಮಾಂಜ್ರಾ ತೀರದಿಂದ ಮಲ್ಪೆಯ ದ್ವೀಪಕ್ಕೆ

ಎಳ್ಳಮಾವಾಸ್ಯೆಯ ಚರಗ ಚೆಲ್ಲಿ, ಹೊಲದ ಕೆಲಸದಿಂದ ತುಸು ಬಿಡುವು ದೊರೆತ 2024ರ ಜನವರಿಯಲ್ಲಿ ಬೀದರ, ಭಾಲ್ಕಿ ಮತ್ತು ಔರಾದಗಳ ನಲವತ್ತೆರಡು ಜನ ಶರಣ ಬಂಧುಗಳು ಒಂದೇ ಬಸ್ಸಿನಲ್ಲಿ ಪ್ರವಾಸ ಹೊರಟೆವು. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳದ ದರ್ಶನ ಪಡೆದು, ಹುಬ್ಬಳ್ಳಿಯ ಮಾರ್ಗವಾಗಿ ಘಟ್ಟವಿಳಿದು, ಮೂರನೆಯ ದಿನ ಸಂಜೆಗೆ ಉಡುಪಿಯನ್ನು ಸೇರಿದೆವು. ಕ್ಷೇತ್ರದರ್ಶನಗಳ ವಿವರ ಈ ಪುಟಗಳಲ್ಲಿ ಹಲವು ಬಾರಿ ಬಂದಿರುವುದರಿಂದ, ಇಲ್ಲಿ ಕಡಲಿನ ಮೇಲೆ ಕಳೆದ ಒಂದು ದಿನವನ್ನಷ್ಟೇ ನಿವೇದಿಸುತ್ತೇವೆ.

ನಮ್ಮಲ್ಲಿ ಮೂವತ್ತಕ್ಕೂ ಹೆಚ್ಚು ಜನ ಅದುವರೆಗೆ ಸಮುದ್ರವನ್ನು ಕಂಡವರಲ್ಲ. ಬೆಳಗಿನ ಇಷ್ಟಲಿಂಗಪೂಜೆಯನ್ನು ತಂಗುದಾಣದಲ್ಲಿಯೇ ಮುಗಿಸಿ, ಕಡಕ ರೊಟ್ಟಿ, ಶೇಂಗಾ ಹಿಂಡಿಗಳ ಗಂಟು ಹಿಡಿದು ಮಲ್ಪೆಯ ಬಂದರಿಗೆ ಬಂದೆವು. ಮೀನುಗಾರಿಕೆಯ ನೂರಾರು ದೋಣಿಗಳು ಸಾಲುಗಟ್ಟಿ ನಿಂತಿದ್ದವು. ಮೀನಿನ ವಾಸನೆಗೆ ನಮ್ಮ ತಾಯಂದಿರು ಸೆರಗಿನಿಂದ ಮೂಗು ಮುಚ್ಚಿಕೊಂಡದ್ದನ್ನು ಮರೆಮಾಚುವುದೇಕೆ? ಆದರೆ ನಸುಕಿನಿಂದ ಬುಟ್ಟಿ ಹೊತ್ತು ದುಡಿಯುತ್ತಿದ್ದ ಅಲ್ಲಿನ ಹೆಣ್ಣುಮಕ್ಕಳನ್ನು ಕಂಡು ಸ್ವಲ್ಪ ಹೊತ್ತಿಗೆಲ್ಲ ಸೆರಗುಗಳು ತಾವಾಗಿಯೇ ಕೆಳಗಿಳಿದವು.

ಇಲ್ಲಿ ನಮ್ಮಿಂದ ಒಂದು ತಪ್ಪು ನಡೆಯಿತು. ದ್ವೀಪದ ಬಳಿ ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ ದಾಟಿ, ಮೊಣಕಾಲುದ್ದ ನೀರಿನಲ್ಲಿ ಇಳಿಯಬೇಕಾಗುತ್ತದೆ ಎಂದು ತಿಳಿದಾಗ, ವ್ಯವಸ್ಥೆಯ ಹೊಣೆ ಹೊತ್ತಿದ್ದ ನಾವು ವೃದ್ಧರೆಲ್ಲ ದಡದಲ್ಲಿಯೇ ಉಳಿಯಲೆಂದು ನಿರ್ಧರಿಸಿಬಿಟ್ಟೆವು. ಔರಾದ ತಾಲ್ಲೂಕಿನ ಎಪ್ಪತ್ತು ದಾಟಿದ ಒಬ್ಬ ತಾಯಿಯವರು, ಎಲ್ಲರೂ ಅವರನ್ನು ಆಯಿ ಎಂದೇ ಕರೆಯುತ್ತಿದ್ದೆವು, ಮಂಡಿನೋವಿನಿಂದ ಬಳಲುತ್ತಿದ್ದರು. “ಆಯಿ, ನೀವು ಇಲ್ಲೇ ಬಸ್ಸಿನ್ಯಾಗ ಕೂಡ್ರಿ, ನಾವು ಎರಡು ತಾಸಿನ್ಯಾಗ ಬರ್ತೀವಿ” ಎಂದೆವು. ಅವರು ನಮ್ಮ ಮುಖವನ್ನೇ ನೋಡಿದರು. “ನಿಮ್ಮ ಕಾಕಾ ಇದ್ದಾಗ, ಒಮ್ಮೆ ಸಮುದ್ರ ತೋರಸ್ತೀನಿ ಅಂತಿದ್ರು. ಅವರು ಹೋಗಿ ಹನ್ನೊಂದು ವರ್ಷ ಆತು. ಬಸ್ಸಿನ್ಯಾಗ ಕೂಡೂದಿದ್ರ ಊರಾಗೇ ಕೂಡ್ತಿದ್ದೆ” ಎಂದರು. ನಾವು ನಿರುತ್ತರರಾದೆವು.

ಜೀವರಕ್ಷಕ ಅಂಗಿಗಳನ್ನು ತೊಟ್ಟು ಎಲ್ಲರೂ ದೋಣಿಯೇರಿದೆವು. ಅಳಿವೆ ದಾಟುತ್ತಲೇ ತೆರೆಗಳು ದೋಣಿಯನ್ನು ಎತ್ತಿ ಎತ್ತಿ ಇಳಿಸತೊಡಗಿದವು. ಕಾರಂಜಾ ಜಲಾಶಯದಲ್ಲಿ ಈಜಿ ಬೆಳೆದವನೆಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ ಭಾಲ್ಕಿಯ ತರುಣನೊಬ್ಬನು ಎಲ್ಲರಿಗಿಂತ ಮೊದಲು ತಲೆಸುತ್ತಿ ಮಲಗಿದನು. ಆಯಿ ಮಾತ್ರ ಹಲಗೆಯನ್ನು ಭದ್ರವಾಗಿ ಹಿಡಿದು, ಕಣ್ಣು ಮಿಟುಕಿಸದೆ ನೋಡುತ್ತ ಕುಳಿತಿದ್ದರು. ಹಸಿರು ನೀರು ಬರಬರುತ್ತ ನೀಲಿಯಾಯಿತು. ದಡದ ತೆಂಗುಗಳು ಒಂದು ಗೆರೆಯಾಗಿ ಉಳಿದವು.

ಅರ್ಧ ತಾಸಿನ ಪಯಣದ ಬಳಿಕ ಸೇಂಟ್ ಮೇರಿಸ್ ದ್ವೀಪಗಳು ಸಮೀಪಿಸಿದವು. ಸ್ಥಳೀಯರು ಇದನ್ನು ತೋನ್ಸೆಪಾರ್ ಎಂದೂ ಕರೆಯುತ್ತಾರೆ. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹಾದೂರಗಡ, ದಕ್ಷಿಣ ದ್ವೀಪ ಎಂದು ಮುಖ್ಯವಾದವು ನಾಲ್ಕು. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿಳಿದು ಈ ಹೆಸರಿಟ್ಟನೆಂದು ಪ್ರತೀತಿ. ಚಿಕ್ಕ ದೋಣಿಗೆ ದಾಟುವ ಗಳಿಗೆ ಬಂದಿತು. ಎರಡು ದೋಣಿಗಳೂ ಒಂದೇ ಸಮನೆ ತೂಗಾಡುತ್ತಿದ್ದವು. ನಮ್ಮ ಎದೆಬಡಿತ ನಮಗೇ ಕೇಳಿಸುತ್ತಿತ್ತು. ದೋಣಿಯ ಹುಡುಗನು, “ಅಮ್ಮಾ, ನೀರು ನೋಡಬೇಡಿ, ನನ್ನ ಮುಖ ನೋಡಿ” ಎಂದು ಕೈ ಚಾಚಿದನು. ಆಯಿ ಒಂದು ಚಪ್ಪಲಿಯನ್ನು ಸಮುದ್ರಕ್ಕೆ ಬಿಟ್ಟುಕೊಟ್ಟು, ಇತ್ತ ಕಡೆ ಕಾಲಿಟ್ಟರು. ಉಳಿದ ವೃದ್ಧರೂ ಅವರ ಹಿಂದೆಯೇ ಇಳಿದರು.

ದ್ವೀಪದಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ಅದಕ್ಕಿಂತ ಬೆರಗುಗೊಳಿಸುವುದು ಅಲ್ಲಿನ ಕಲ್ಲುಕಂಬಗಳು. ಶಿಲ್ಪಿಯೊಬ್ಬ ಅಳತೆ ಹಿಡಿದು ಕಡೆದು ನಿಲ್ಲಿಸಿದಂತೆ ಐದು, ಆರು ಮುಖಗಳ ಕಂಬಗಳು ಒತ್ತೊತ್ತಾಗಿ ನಿಂತಿವೆ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗವು ಭಾರತದಿಂದ ಅಗಲಿದ ಕಾಲದಲ್ಲಿ ಉಕ್ಕಿದ ಲಾವಾರಸವು ಆರಿ ಹೀಗಾಯಿತಂತೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಮಾನ್ಯತೆ ಪಡೆದಿದೆ. ನಮ್ಮೊಡನಿದ್ದ ನಿವೃತ್ತ ಶಿಕ್ಷಕರು ಬಲು ಸೊಗಸಾಗಿ ತಿಳಿಸಿದರು: “ಬ್ಯಾಸಗ್ಯಾಗ ನಮ್ಮ ಎರಿಹೊಲ ಬಾಯಿ ಬಿಡ್ತದಲ್ಲ, ಹಂಗೇ ಇದು. ಮಣ್ಣು ಒಣಗಿದ್ರ ಬಿರಿತದ, ಬೆಂಕಿಕಲ್ಲು ಆರಿದ್ರ ಬಿರಿತದ.” ಇದೂ ನಮ್ಮ ನೆಲದಡಿಯ ಕರಿಗಲ್ಲೂ ಒಂದೇ ಎಂದು ಅವರು ಮುಂದುವರಿಸಿದ್ದು ಮಾತ್ರ ಸರಿಯಲ್ಲ. ಬೀದರಿನ ಕೆಂಪು ಜಂಬಿಟ್ಟಿಗೆಯ ಕೆಳಗಿರುವ ಕರಿಗಲ್ಲು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದಿನ ಬೇರೊಂದು ಲಾವಾಪ್ರವಾಹದ್ದು. ಈ ದ್ವೀಪವು ಅದಕ್ಕಿಂತ ಹಿರಿಯದು.

ತೆಂಗಿನ ನೆರಳಿನಲ್ಲಿ ರೊಟ್ಟಿಯ ಗಂಟು ಬಿಚ್ಚಿದೆವು. ಕುಡಿಯುವ ನೀರನ್ನು ದಡದಿಂದಲೇ ತಂದಿದ್ದೆವು. ಬಿಸಿಲೇರಿದಂತೆ ಅದು ಬೇಗನೆ ಬರಿದಾಯಿತು. “ಇಷ್ಟು ನೀರಿನ ನಡುವ ಕೂತು, ಗುಟುಕು ನೀರಿಗೆ ಲೆಕ್ಕ ಹಾಕೂದು ಬಂತಲ್ಲ!” ಎಂದು ಆಯಿ ನಕ್ಕರು. ಬೇಸಿಗೆಯಲ್ಲಿ ಕೊಡಗಳ ಸಾಲಿನಲ್ಲಿ ನಿಂತವರಿಗೆ ಈ ಮಾತಿನ ಆಳ ತಿಳಿಯದಿರದು. ಜಂಬಿಟ್ಟಿಗೆಯ ಒಡಲನ್ನು ಕೊರೆದು, ನೆಲದಡಿಯಲ್ಲೇ ನೀರು ಹರಿಸಿದ ನೌಬಾದಿನ ಸುರಂಗಬಾವಿಯನ್ನು ಬಹಮನಿ ಕಾಲದವರು ಯಾವ ನೀರಡಿಕೆಯಿಂದ ತೋಡಿದರೆಂಬುದು ನಮಗೆ ಆ ದ್ವೀಪದ ಮೇಲೆ ಕುಳಿತಾಗ ಹೊಳೆಯಿತು.

ಹೊರಡುವ ಮುನ್ನ ಆಯಿ ನೀರಿನಲ್ಲಿ ಪಾದವಿಟ್ಟು ಬಹಳ ಹೊತ್ತು ನಿಂತರು. “ಮಾಸ್ತರ್ರೇ, ನಮ್ಮ ಮಾಂಜ್ರಾ ಇಲ್ಲಿಗೇ ಬರ್ತದೇನ್ರೀ?” ಎಂದು ಕೇಳಿದರು. ಶಿಕ್ಷಕರು ಚಿಪ್ಪುಗಳನ್ನು ಸರಿಸಿ, ಕಡ್ಡಿಯಿಂದ ನೆಲದ ಮೇಲೆ ನಕಾಶೆ ಬರೆದರು. ಬೀಡ ಜಿಲ್ಲೆಯ ಬಾಲಾಘಾಟ ಗುಡ್ಡಗಳಲ್ಲಿ ಹುಟ್ಟುವ ಮಾಂಜ್ರಾ ನಮ್ಮ ಭಾಲ್ಕಿ, ಔರಾದ, ಬೀದರ ಸೀಮೆಗಳನ್ನು ಹಾಯ್ದು, ತೆಲಂಗಾಣದಲ್ಲಿ ಗೋದಾವರಿಯನ್ನು ಸೇರಿ, ಮೂಡಣ ಕಡಲಿಗೆ ಹೋಗುತ್ತದೆ. ಈ ಪಡುವಣ ಕಡಲಿಗಲ್ಲ ಎಂದು ತೋರಿಸಿದರು. ಆಯಿಯವರ ಮುಖ ಬಾಡೀತೆಂದು ನಾವು ಅಂಜಿದೆವು. ಅವರು ನಕಾಶೆಯ ಬಲತುದಿಯನ್ನೇ ನೋಡುತ್ತಿದ್ದರು. “ಅಂದ್ರ ಇನ್ನೊಂದು ಸಮುದ್ರ ಅದ ಅಂದಂಗಾತು” ಎಂದರು.

ಮರಳುವಾಗ ದಾಟುವ ಗಳಿಗೆಯಲ್ಲಿ ಅವರು ಉಳಿದ ಒಂದು ಚಪ್ಪಲಿಯನ್ನು ಮೊದಲೇ ಕೈಯಲ್ಲಿ ಹಿಡಿದಿದ್ದರು. ಬಂದರಿನಲ್ಲಿಳಿದು ಬಸ್ಸಿನ ಮೆಟ್ಟಿಲೇರುತ್ತ ನಮ್ಮನ್ನು ಕೇಳಿದರು: “ಆ ಸಮುದ್ರಕ್ಕ ಬಸ್ಸು ಯಾವಾಗ ಬಿಡ್ತೀರಪ್ಪಾ?”